ಶಾಸ್ತ್ರದಾನ ಮತ್ತು ಮುಕ್ತ ಪ್ರಕಟಣೆ: ವಿಶ್ವವಿದ್ಯಾನಿಲಯದ ಹೊಣೆಯ ಒಂದು ಚಾರಿತ್ರಿಕ ವಿವೇಚನೆ

ವಿದ್ವತ್ ಬರಹವು ಓದುಗನಿಗೆ ಶುಲ್ಕವಿಲ್ಲದೆ ದೊರೆಯಬೇಕು, ಅದನ್ನು ಓದಲು, ಪ್ರತಿಮಾಡಲು, ಹಂಚಲು ಅಡ್ಡಿಯಿರಬಾರದು ಎಂಬ ಆಶಯವು ಇಂದು ‘ಓಪನ್ ಆಕ್ಸೆಸ್’ ಅಥವಾ ಮುಕ್ತ ಪ್ರಕಟಣೆ ಎಂಬ ಹೆಸರಿನಿಂದ ಪರಿಚಿತವಾಗಿದೆ. 2002ರ ಫೆಬ್ರವರಿ 14ರಂದು ಹೊರಬಂದ ಬುಡಾಪೆಸ್ಟ್ ಘೋಷಣೆ ಈ ಆಶಯಕ್ಕೆ ಸ್ಪಷ್ಟವಾದ ವ್ಯಾಖ್ಯೆಯನ್ನು ಕೊಟ್ಟಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಸಂಶೋಧಕರ ಲೇಖನಗಳನ್ನು ಎಲ್ಲರಿಗೂ ತೆರೆದಿಡುವ ವಿದ್ಯುನ್ಮಾನ ಭಂಡಾರವೊಂದನ್ನು ಸ್ಥಾಪಿಸಿತು. ಭಾರತದಲ್ಲಿ ಸಂಸ್ಥೆಯೊಂದು ಕಟ್ಟಿದ ಇಂಥ ಭಂಡಾರಗಳಲ್ಲಿ ಅದೇ ಮೊದಲನೆಯದು. ಲೇಖನದ ಜೊತೆಗೆ ಅದಕ್ಕೆ ಆಧಾರವಾದ ಮೂಲ ಸಾಮಗ್ರಿಯನ್ನೂ ವಿಧಾನವನ್ನೂ ತೆರೆದಿಡಬೇಕೆಂಬ ‘ಮುಕ್ತ ವಿಜ್ಞಾನ’ದ ಕಲ್ಪನೆ ಇದರ ಮುಂದುವರಿಕೆ.

ಹೆಸರುಗಳು ಹೊಸವಾದರೂ ಇವುಗಳ ಹಿಂದಿರುವ ಪ್ರಶ್ನೆಗಳು ಹೊಸವಲ್ಲ. ಗ್ರಂಥವನ್ನು ಕಾಪಾಡುವವರು ಯಾರು? ಅದನ್ನು ಯಾರಿಗೆ ತೆರೆಯಬೇಕು? ಪ್ರತಿಯ ವೆಚ್ಚವನ್ನು ಯಾರು ಭರಿಸಬೇಕು? ಈ ಮೂರು ಪ್ರಶ್ನೆಗಳನ್ನು ಕರ್ನಾಟಕದ ಜೈನ ಪರಂಪರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಎದುರಿಸಿದೆ. ಅದು ಕಂಡುಕೊಂಡ ಉತ್ತರಗಳಲ್ಲಿ ಉಜ್ಜ್ವಲವಾದವೂ ಇವೆ, ನಷ್ಟಕ್ಕೆ ಕಾರಣವಾದವೂ ಇವೆ. ಇಂದಿನ ವಿಶ್ವವಿದ್ಯಾನಿಲಯಗಳು ತಮ್ಮ ಪ್ರಕಟಣ ನೀತಿಯನ್ನು ರೂಪಿಸಿಕೊಳ್ಳುವಾಗ ಆ ಇತಿಹಾಸವನ್ನು ಗಮನಿಸುವುದು ಉಪಯುಕ್ತ.

ಜೈನ ಶ್ರಾವಕಾಚಾರದಲ್ಲಿ ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನವು ನಾಲ್ಕು ಬಗೆ. ಹಸಿದವನಿಗೆ ಅನ್ನ, ಅಂಜಿದವನಿಗೆ ಅಭಯ, ರೋಗಿಗೆ ಮದ್ದು ಹೇಗೋ ಹಾಗೆ ಅರಿವನ್ನು ಅರಸುವವನಿಗೆ ಗ್ರಂಥ. ಗ್ರಂಥವನ್ನು ಬರೆಯಿಸಿ ಕೊಡುವುದು ಇಲ್ಲಿ ವಿದ್ವತ್ತಿನ ಆಡಂಬರವಲ್ಲ. ಅನ್ನದಾನದ ಸಾಲಿನಲ್ಲಿಯೇ ನಿಲ್ಲುವ ಕರ್ತವ್ಯ. ಇದರ ಮತ್ತೊಂದು ಮುಖವನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ತೋರಿಸುತ್ತದೆ. ಜ್ಞಾನವನ್ನು ಮರೆಮಾಡುವ ಕರ್ಮ ಜೀವಕ್ಕೆ ಅಂಟಿಕೊಳ್ಳಲು ಕಾರಣಗಳನ್ನು ಹೇಳುವಾಗ ಸೂತ್ರಕಾರನು ನಿಹ್ನವ, ಮಾತ್ಸರ್ಯ, ಅಂತರಾಯಗಳನ್ನೂ ಹೆಸರಿಸುತ್ತಾನೆ. ತಿಳಿದಿದ್ದರೂ ತಿಳಿಯದೆಂದು ಬಚ್ಚಿಡುವುದು ನಿಹ್ನವ. ಕೊಡಲು ಯೋಗ್ಯವಾದ ಜ್ಞಾನವನ್ನು ಕೊಡದಿರುವುದು ಮಾತ್ಸರ್ಯ. ಇನ್ನೊಬ್ಬನ ಜ್ಞಾನಾರ್ಜನೆಗೆ ಅಡ್ಡಿಯಾಗುವುದು ಅಂತರಾಯ. ಕೊಡುವುದು ಪುಣ್ಯವೆಂದಷ್ಟೇ ಹೇಳದೆ, ಕೊಡದಿರುವುದು ಕೊಡದವನ ಜ್ಞಾನವನ್ನೇ ಮಸುಕುಮಾಡುತ್ತದೆ ಎಂದೂ ಈ ದರ್ಶನ ಹೇಳುತ್ತದೆ.

ಶಾಸ್ತ್ರದಾನದ ಇತಿಹಾಸದಲ್ಲಿ ಮೊದಲು ನೆನಪಾಗುವ ಹೆಸರು ಅತ್ತಿಮಬ್ಬೆಯದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಕವಿ ಪೊನ್ನನು ಶಾಂತಿಪುರಾಣವನ್ನು ರಚಿಸಿದ್ದು ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸೋದರರ ಪ್ರೇರಣೆಯಿಂದ; ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಅವರು ಆ ಕಾವ್ಯವನ್ನು ಬರೆಯಿಸಿದರು. ಮಲ್ಲಪನ ಮಗಳಾದ ಅತ್ತಿಮಬ್ಬೆ ಮುಂದೆ ಆ ಕಾವ್ಯದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳೆಂದು ಪರಂಪರೆ ಹೇಳುತ್ತದೆ. ಚಾಳುಕ್ಯ ತೈಲಪನ ಕಾಲದಲ್ಲಿದ್ದ ಈಕೆಯ ಆಶ್ರಯದಲ್ಲಿಯೇ ರನ್ನನು 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದ ಈ ದಾನಚಿಂತಾಮಣಿಯ ಔದಾರ್ಯವನ್ನು ಕವಿಗಳೂ ಶಾಸನಗಳೂ ಹೊಗಳಿವೆ.

ಈ ಸಾವಿರ ಪ್ರತಿಗಳ ಕಥೆಯನ್ನು ಸಾಮಾನ್ಯವಾಗಿ ಔದಾರ್ಯದ ಉದಾಹರಣೆಯಾಗಿ ಮಾತ್ರ ಹೇಳಲಾಗುತ್ತದೆ. ಪ್ರಕಟಣೆಯ ಅರ್ಥವ್ಯವಸ್ಥೆಯ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಇಲ್ಲಿ ಕವಿಯು ತನ್ನ ಕಾವ್ಯ ಹರಡಲೆಂದು ಹಣ ತೆರಲಿಲ್ಲ. ಓದುಗನೂ ಬೆಲೆ ಕೊಡಲಿಲ್ಲ. ಗರಿಯನ್ನು ಹದಮಾಡುವವನ, ಕಂಟದಿಂದ ಕೊರೆಯುವ ಲಿಪಿಕಾರನ ಕೂಲಿಯನ್ನು ಮೂರನೆಯವರೊಬ್ಬರು ಭರಿಸಿದರು. ಗ್ರಂಥವು ಓದುಗನಿಗೆ ಉಚಿತವಾಯಿತೆಂದರೆ ಅದಕ್ಕೆ ವೆಚ್ಚವೇ ಆಗಲಿಲ್ಲವೆಂದಲ್ಲ, ವೆಚ್ಚದ ಹೊಣೆಯನ್ನು ಒಬ್ಬರು ಅರಿತು ಹೊತ್ತರೆಂದು ಅರ್ಥ. ಮುಕ್ತ ಪ್ರಕಟಣೆಯ ಕುರಿತ ಇಂದಿನ ವಾದಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಹೊಣೆಯ ಪ್ರಶ್ನೆಯಲ್ಲಿಯೇ.

ಇದೇ ಪರಂಪರೆಯ ಇನ್ನೊಂದು ಅಧ್ಯಾಯ ಮೂಡುಬಿದಿರೆಯದು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಡನೆಯೇ ಶ್ರುತಜ್ಞಾನ ಅಳಿದುಹೋದೀತೆಂದು ಅಂಜಿ, ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಕಲಿಸಿದರು. ಅವರು ಅದನ್ನು ಷಟ್ಖಂಡಾಗಮವೆಂಬ ಗ್ರಂಥರೂಪಕ್ಕೆ ತಂದರು. ಆ ಬರವಣಿಗೆ ಪೂರ್ಣಗೊಂಡ ದಿನವೆಂದೇ ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸಲಾಗುತ್ತದೆ. ಈ ಆಗಮಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆಯೂ, ಕಷಾಯಪ್ರಾಭೃತಕ್ಕೆ ಅವರು ಆರಂಭಿಸಿ ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದ ಜಯಧವಲಾ ಟೀಕೆಯೂ ಗಾತ್ರದಲ್ಲಿ ಕ್ರಮವಾಗಿ 72,000 ಮತ್ತು 60,000 ಶ್ಲೋಕಪ್ರಮಾಣದವು. ಪ್ರಾಕೃತ ಮತ್ತು ಸಂಸ್ಕೃತಗಳು ಬೆರೆತ ಈ ಟೀಕೆಗಳ ಹಳಗನ್ನಡ ಲಿಪಿಯ ತಾಳೆಯೋಲೆ ಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದುಬಂದವು.

ಈ ಉಳಿವಿಗಾಗಿ ಮೂಡುಬಿದಿರೆಯ ಸಮಾಜಕ್ಕೆ ವಿದ್ವತ್ ಲೋಕ ಋಣಿಯಾಗಿದೆ. ಆದರೆ ಉಳಿಸಿದ ರೀತಿಯು ಗ್ರಂಥವನ್ನು ಓದಿನಿಂದ ದೂರವಿರಿಸಿತೆಂಬುದೂ ನಿಜ. ಸಿದ್ಧಾಂತ ಗ್ರಂಥಗಳು ಗೃಹಸ್ಥರ ಓದಿಗಲ್ಲವೆಂಬ ನಂಬಿಕೆ, ಜೀರ್ಣವಾದ ಗರಿಗಳು ಕೈತಾಕಿದರೆ ಮುರಿದಾವೆಂಬ ಆತಂಕ, ಪೂಜ್ಯಬುದ್ಧಿ ಇವೆಲ್ಲ ಕೂಡಿ ಶತಮಾನಗಳ ಕಾಲ ಅವು ದರ್ಶನದ ವಸ್ತುಗಳಾದುವೇ ಹೊರತು ಅಧ್ಯಯನದ ವಸ್ತುಗಳಾಗಲಿಲ್ಲ. ಇದಕ್ಕೆ ಇನ್ನೊಂದು ಕಾರಣವನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನಿಗಾಗಿ ಈ ಆಗಮಗಳ ಸಾರವನ್ನು ಗೊಮ್ಮಟಸಾರದಲ್ಲಿ ಸಂಗ್ರಹಿಸಿದರು. ಸಾರಗ್ರಂಥವು ಎಲ್ಲೆಡೆ ಹರಡಿತು. ಓದಿಗೆ ಅದೇ ಸಾಕೆನಿಸಿತು. ಮೂಲವನ್ನು ಕೇಳುವವರು ಕಡಮೆಯಾದರು. ಲೇಖನದ ಸಾರಾಂಶ ಮಾತ್ರ ಎಲ್ಲರಿಗೂ ಕಾಣುವಂತಿದ್ದು ಪೂರ್ಣಪಾಠವು ಶುಲ್ಕದ ಬಾಗಿಲ ಹಿಂದಿರುವ ಇಂದಿನ ನಿಯತಕಾಲಿಕಗಳ ವ್ಯವಸ್ಥೆಯಲ್ಲಿ, ಸಾರಾಂಶವನ್ನಷ್ಟೇ ಓದಿ ಉಲ್ಲೇಖಿಸುವ ಅಭ್ಯಾಸ ಬೆಳೆದಿರುವುದು ಇದನ್ನೇ ಹೋಲುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್, ಸೋಲಾಪುರದ ಹೀರಾಚಂದ್ ನೇಮಚಂದ್ ಮೊದಲಾದವರು ಈ ಗರಿಗಳ ಸ್ಥಿತಿಯನ್ನು ಕಂಡು ಅವುಗಳ ಪ್ರತಿ ಮಾಡಿಸಲು ಮುಂದಾದರು. ಪ್ರತಿಯು ಮೂಡುಬಿದಿರೆಯನ್ನು ಬಿಟ್ಟು ಹೊರಗೆ ಹೋಗಕೂಡದೆಂಬ ಕಟ್ಟುಪಾಡಿನೊಂದಿಗೆ ಕೆಲಸ ಆರಂಭವಾಯಿತು. ಈ ಕೆಲಸದಲ್ಲಿ ತೊಡಗಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿ ದೇವನಾಗರಿಗೆ ಇಳಿಯಿತು. ಆ ನಾಗರಿ ಪ್ರತಿಯಿಂದ ಮತ್ತಷ್ಟು ಪ್ರತಿಗಳಾಗಿ ಅಮರಾವತಿ, ಆರಾ, ಕಾರಂಜಾ ಮುಂತಾದ ಊರುಗಳ ಭಂಡಾರಗಳಿಗೆ ಹರಡಿತು.

ಶುಲ್ಕ ತೆರಲಾರದ ಸಂಶೋಧಕರು ಅನುಮತಿಯಿಲ್ಲದ ಜಾಲತಾಣಗಳಿಂದ ಲೇಖನಗಳನ್ನು ಪಡೆಯುತ್ತಿರುವುದೂ, ಅದರ ವಿರುದ್ಧ ಮೂರು ಪ್ರಕಾಶನ ಸಂಸ್ಥೆಗಳು 2020ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೋದದ್ದೂ ಈ ಕಾಲದ ಸಂಗತಿ. ಅವರ ಸರಿತಪ್ಪುಗಳ ತೀರ್ಮಾನ ಬೇರೆಯೇ ವಿಷಯ. ಮೂಡುಬಿದಿರೆಯ ಪ್ರಸಂಗದಿಂದ ಅರಿಯಬೇಕಾದ ಪಾಠ ಇನ್ನೊಂದಿದೆ. ಬೀಗವು ಪ್ರತಿಯಾಗುವುದನ್ನು ತಡೆಯಲಿಲ್ಲ. ಪ್ರತಿಯನ್ನು ಮೂಲದೊಡನೆ ಹೋಲಿಸಿ ತಿದ್ದುವುದನ್ನು ತಡೆಯಿತು.

ಅಮರಾವತಿಯ ಕಿಂಗ್ ಎಡ್ವರ್ಡ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ ಜೈನರು ಧವಲಾ ಸಹಿತ ಷಟ್ಖಂಡಾಗಮದ ಮೊದಲ ಸಂಪುಟವನ್ನು 1939ರಲ್ಲಿ ಪ್ರಕಟಿಸಿದಾಗ ಅವರ ಎದುರಿಗಿದ್ದುದು ಇಂಥ ಪ್ರತಿಯ ಪ್ರತಿಗಳೇ. ವಿದಿಶೆಯ ಸೇಠ್ ಶಿತಾಬರಾಯ ಲಕ್ಷ್ಮೀಚಂದ್ರರು ಸ್ಥಾಪಿಸಿದ ಸಾಹಿತ್ಯೋದ್ಧಾರಕ ನಿಧಿ ಪ್ರಕಟಣೆಯ ವೆಚ್ಚವನ್ನು ಹೊತ್ತಿತು. ಬೆಳಗಾವಿ ಜಿಲ್ಲೆಯ ಸದಲಗಾದವರಾದ ಡಾ. ಆ. ನೇ. ಉಪಾಧ್ಯೆಯವರು ಸಂಪಾದನೆಯಲ್ಲಿ ನೆರವಾದರು. ಇವರೇ ಮುಂದೆ 1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ಅಧ್ಯಯನ ಪೀಠದ ಮೊದಲ ಪ್ರಾಧ್ಯಾಪಕರಾದರು. ಸಂಪುಟಗಳು ಬೆಳಕು ಕಂಡ ಮೇಲೆ ಮೂಡುಬಿದಿರೆಯ ಭಟ್ಟಾರಕರೂ ಪಂಚರೂ ಮೂಲ ತಾಳೆಯೋಲೆಗಳೊಡನೆ ಪಾಠವನ್ನು ಹೋಲಿಸಲು ಅವಕಾಶ ಕೊಟ್ಟರು. ಸುಮಾರು ಎರಡು ದಶಕಗಳಲ್ಲಿ ಒಟ್ಟು 16 ಸಂಪುಟಗಳು ಪೂರ್ಣಗೊಂಡವು.

ಮೂಲದೊಡನೆ ಹೋಲಿಸುವುದರ ಬೆಲೆಯನ್ನು ಒಂದೇ ಒಂದು ಪದ ತೋರಿಸಿಕೊಟ್ಟಿತು. ಮೊದಲ ಖಂಡದ ಸತ್‌ಪ್ರರೂಪಣೆಯ 93ನೆಯ ಸೂತ್ರವು ಮನುಷ್ಯಿಣಿಯರಿಗೆ ಸಂಭವಿಸುವ ಗುಣಸ್ಥಾನಗಳನ್ನು ಹೇಳುತ್ತದೆ. ಸಂಪಾದಕರಿಗೆ ದೊರೆತ ಪ್ರತಿಗಳಲ್ಲಿ ‘ಸಂಜದ’, ಅಂದರೆ ಸಂಯತ ಎಂಬ ಪದ ಅಲ್ಲಿ ಇರಲಿಲ್ಲ. ಟೀಕೆಯ ವಿವರಣೆಯನ್ನು ಗಮನಿಸಿ, ಈ ಪದ ಇಲ್ಲಿ ಬಿಟ್ಟುಹೋದಂತಿದೆ ಎಂದು ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಮುಕ್ತಿಯ ಪ್ರಶ್ನೆಗೆ ಸಂಬಂಧಿಸಿದ ಪದವಾದ್ದರಿಂದ ಸಮಾಜದಲ್ಲಿ ದೊಡ್ಡ ವಿವಾದವೆದ್ದಿತು. ಮೂಡುಬಿದಿರೆಯ ಓಲೆಗಳನ್ನು ನೋಡಿದಾಗ ಆ ಪದ ಮೂಲದಲ್ಲಿ ಇದ್ದುದು ಕಂಡುಬಂದಿತು. ಪದದ ಅರ್ಥವನ್ನು ದ್ರವ್ಯಸ್ತ್ರೀ ಎಂದು ತೆಗೆದುಕೊಳ್ಳಬೇಕೋ ಭಾವಸ್ತ್ರೀ ಎಂದೋ ಎಂಬ ಚರ್ಚೆ ಆಮೇಲೂ ಉಳಿಯಿತು. ಆದರೆ ಪಾಠದ ಅಸ್ತಿತ್ವದ ಬಗ್ಗೆ ವಾದ ನಿಂತಿತು. ಶಾಸ್ತ್ರದ ಒಂದು ಮಹತ್ತ್ವದ ನಿರ್ಣಯ ಕಳೆದುಹೋದ ಒಂದು ಪದದ ಮೇಲೆ ನಿಂತಿರುವಾಗ, ಮೂಲವನ್ನು ನೋಡಲು ಬಿಡುವುದು ಔದಾರ್ಯದ ಮಾತಾಗಿ ಉಳಿಯುವುದಿಲ್ಲ, ಪ್ರಾಮಾಣ್ಯದ ಅಗತ್ಯವಾಗುತ್ತದೆ.

ಗ್ರಂಥ ತೆರೆದುಕೊಂಡಾಗ ಅದಕ್ಕೆ ಎಣಿಸಿರದ ಓದುಗರು ಹುಟ್ಟುತ್ತಾರೆಂಬುದಕ್ಕೂ ಧವಲಾ ಸಾಕ್ಷಿ. ಲಖನೌ ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕ ಅವಧೇಶ ನಾರಾಯಣ ಸಿಂಗ್ ಅವರು ಅದರಲ್ಲಿನ ಗಣಿತವನ್ನು ಕುರಿತು ಬರೆದ ಪ್ರಬಂಧ 1942ರ ನಾಲ್ಕನೆಯ ಸಂಪುಟದಲ್ಲಿ ಅಚ್ಚಾಯಿತು. ಜೀವರಾಶಿಗಳ ಸಂಖ್ಯೆಯನ್ನು ಅಳೆಯುವಾಗ ವೀರಸೇನರು ‘ಅರ್ಧಚ್ಛೇದ’ ಎಂಬ ಪರಿಕಲ್ಪನೆಯನ್ನು ಬಳಸುತ್ತಾರೆ. ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧಿಸಬಹುದೋ ಅದು ಅದರ ಅರ್ಧಚ್ಛೇದ. 32ರ ಅರ್ಧಚ್ಛೇದ 5. ಇದು ಎರಡನ್ನು ಆಧಾರವಾಗಿ ಉಳ್ಳ ಲಾಗರಿದಮ್ಮಿನ ಕಲ್ಪನೆಯೇ ಎಂಬುದನ್ನು ಸಿಂಗ್ ಗುರುತಿಸಿದರು. ಕರ್ಮಸಿದ್ಧಾಂತದ ಗ್ರಂಥದಲ್ಲಿ ಗಣಿತದ ಇತಿಹಾಸಕಾರನಿಗೆ ಸಾಮಗ್ರಿ ಇದ್ದೀತೆಂದು ಬಸದಿಯ ರಕ್ಷಕರು ಊಹಿಸುವುದು ಸಾಧ್ಯವಿರಲಿಲ್ಲ. ಯಾರಿಗೆ ಯಾವುದು ಬೇಕೆಂದು ಮೊದಲೇ ನಿರ್ಧರಿಸುವ ಕಾವಲುಗಾರನು ಎಷ್ಟೇ ಸದುದ್ದೇಶದವನಾದರೂ ಮುಂದೆ ಬರಲಿರುವ ಓದುಗನನ್ನು ಕಾಣಲಾರನು.

ಮಠ ಬಸದಿಗಳ ಈ ಹೊಣೆ ಇಪ್ಪತ್ತನೆಯ ಶತಮಾನದಲ್ಲಿ ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳಿಗೆ ವರ್ಗಾವಣೆಯಾಯಿತು. ಕರ್ನಾಟಕದ ಮಟ್ಟಿಗೆ ಇದನ್ನು ಮೈಸೂರಿನ ಉದಾಹರಣೆಯಿಂದ ಚೆನ್ನಾಗಿ ಕಾಣಬಹುದು. 1891ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ಓಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದರು. ಅವರು 1909ರಲ್ಲಿ ಮೂಲಪಾಠವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಮೂಲಪಾಠ ಅಚ್ಚಾದದ್ದರಿಂದಲೇ ಬೇರೆಡೆಯ ಹಸ್ತಪ್ರತಿಗಳನ್ನು ಹುಡುಕಿ ಹೋಲಿಸುವ ಕೆಲಸ ಆರಂಭವಾಗಿ, ಟಿ. ಗಣಪತಿಶಾಸ್ತ್ರಿಗಳ ಮತ್ತು ಆರ್. ಪಿ. ಕಾಂಗಲೆಯವರ ಹೆಚ್ಚು ಶುದ್ಧವಾದ ಆವೃತ್ತಿಗಳು ಸಾಧ್ಯವಾದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಈ ಗ್ರಂಥಾಲಯ ಅದರ ಭಾಗವಾಯಿತು.

ಆಧಾರ ಸಾಮಗ್ರಿಯನ್ನು ತೆರೆದಿಡುವ ಪದ್ಧತಿಗೆ ಶ್ರವಣಬೆಳಗೊಳದ ಶಾಸನ ಸಂಪುಟಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಬಿ. ಎಲ್. ರೈಸ್ 1889ರಲ್ಲಿ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ಆವೃತ್ತಿಯಲ್ಲಿ ಸಂಖ್ಯೆ 500ಕ್ಕೆ ಏರಿತು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಆವೃತ್ತಿಯಲ್ಲಿ ಅದು 573 ಆಯಿತು. ಎಂಬತ್ತನಾಲ್ಕು ವರ್ಷಗಳ ಅಂತರದಲ್ಲಿ ಮೂರು ತಲೆಮಾರಿನ ವಿದ್ವಾಂಸರು ಒಂದೇ ಸಾಮಗ್ರಿಯನ್ನು ಮತ್ತೆ ಮತ್ತೆ ಓದಿ, ಸೇರಿಸಿ, ತಿದ್ದಿದರು. ಇದು ಸಾಧ್ಯವಾದದ್ದು ರೈಸ್ ಅವರು ತಮ್ಮ ತೀರ್ಮಾನಗಳನ್ನಷ್ಟೇ ಮುದ್ರಿಸದೆ ಶಾಸನಗಳ ಪೂರ್ಣ ಪಾಠವನ್ನು ಕೊಟ್ಟದ್ದರಿಂದ. ಚಂದ್ರಗಿರಿಯ ಪ್ರಾಚೀನ ಶಾಸನದ ಆಧಾರದಿಂದ ಭದ್ರಬಾಹು ಚಂದ್ರಗುಪ್ತರ ಆಗಮನದ ಐತಿಹ್ಯವನ್ನು ರೈಸ್ ಸಮರ್ಥಿಸಿದಾಗ ಜೆ. ಎಫ್. ಫ್ಲೀಟ್ ಅದನ್ನು ಒಪ್ಪದೆ ವಾದಿಸಿದರು. ಫ್ಲೀಟರ ವಾದಕ್ಕೆ ಬೇಕಾದ ಆಯುಧವನ್ನು ಒದಗಿಸಿದ್ದೂ ರೈಸರ ಪ್ರಕಟಣೆಯೇ. ತನ್ನನ್ನು ಖಂಡಿಸಲು ಬೇಕಾದ ಸಾಮಗ್ರಿಯನ್ನು ತಾನೇ ಓದುಗನ ಕೈಗೆ ಕೊಡುವುದು ಸಂಶೋಧನೆಯ ಶೀಲ; ಮುಕ್ತ ವಿಜ್ಞಾನವು ಇಂದು ಕೇಳುತ್ತಿರುವುದೂ ಇದನ್ನೇ.

ವಿದ್ಯುನ್ಮಾನ ಯುಗದ ಆರಂಭದಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯ ಹಿಂದುಳಿಯಲಿಲ್ಲ. ಅದರ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗವು 2000ದಲ್ಲಿ ‘ವಿದ್ಯಾನಿಧಿ’ ಎಂಬ ಯೋಜನೆಯನ್ನು ಆರಂಭಿಸಿ, ಭಾರತೀಯ ಪಿಎಚ್.ಡಿ. ಪ್ರಬಂಧಗಳನ್ನು ಡಿಜಿಟಲ್ ರೂಪದಲ್ಲಿ ಒಂದೆಡೆ ತರಲು ತೊಡಗಿತು. ಅದುವರೆಗೆ ಪ್ರಬಂಧವೆಂಬುದು ಪದವಿ ದೊರೆತ ಮೇಲೆ ಗ್ರಂಥಾಲಯದ ಕಪಾಟಿನಲ್ಲಿ ಒಂದೆರಡು ಪ್ರತಿಗಳಾಗಿ ಉಳಿಯುವ ವಸ್ತುವಾಗಿತ್ತು. ಅದೇ ವಿಷಯವನ್ನು ಇನ್ನೊಂದು ವಿಶ್ವವಿದ್ಯಾನಿಲಯದಲ್ಲಿ ಇನ್ನೊಬ್ಬನು ಮತ್ತೆ ಮೊದಲಿನಿಂದ ಅಭ್ಯಾಸ ಮಾಡುವುದೂ ಉಂಟು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮಾವಳಿ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯಗೊಳಿಸಿದ ಮೇಲೆ, ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ದೇಶದ ಪ್ರಬಂಧಗಳ ಮುಖ್ಯ ಭಂಡಾರವಾಗಿ ಬೆಳೆಯಿತು. 2014ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ತಮ್ಮ ಅನುದಾನದಿಂದ ನಡೆದ ಸಂಶೋಧನೆಯ ಲೇಖನಗಳನ್ನು ಮುಕ್ತ ಭಂಡಾರಗಳಲ್ಲಿ ಇರಿಸಬೇಕೆಂಬ ನೀತಿಯನ್ನು ಪ್ರಕಟಿಸಿದವು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಕನ್ನಡದ ಹಲವು ತಲೆಮಾರಿನ ವಿದ್ವಾಂಸರ ಶ್ರಮ ಹೀಗೆ ಯಾರಾದರೂ ಬಳಸಬಹುದಾದ, ತಿದ್ದಿ ಬೆಳೆಸಬಹುದಾದ ಸಂಪತ್ತಾಯಿತು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಗ್ರಂಥ ತೆರೆದುಕೊಳ್ಳುವುದಿಲ್ಲ. ಮೂಡುಬಿದಿರೆಯ ಓಲೆಗಳು ಒಂದು ವೇಳೆ ಮೊದಲೇ ಎಲ್ಲರಿಗೂ ದೊರೆತಿದ್ದರೂ ಹಳಗನ್ನಡ ಲಿಪಿಯನ್ನು ಬಲ್ಲವರಿಗೆ ಪ್ರಾಕೃತ ಬಾರದೆ, ಪ್ರಾಕೃತವನ್ನು ಬಲ್ಲ ಉತ್ತರದ ಪಂಡಿತರಿಗೆ ಆ ಲಿಪಿ ಬಾರದೆ ಅಧ್ಯಯನ ಕುಂಠಿತವಾಗುತ್ತಿತ್ತು. ಕನ್ನಡ ಲಿಪಿಯಿಂದ ನಾಗರಿಗೆ ಇಳಿಸಿದ ಶ್ರಮವೇ ಆ ಗ್ರಂಥಕ್ಕೆ ವಿಶಾಲವಾದ ಓದನ್ನು ತಂದಿತು. ಇಂದಿನ ಕನ್ನಡ ಪ್ರಬಂಧಗಳ ಸ್ಥಿತಿಯಲ್ಲಿಯೂ ಇಂಥದೇ ತೊಡಕಿದೆ. ಯೂನಿಕೋಡ್ ಶಿಷ್ಟತೆ ಬಳಕೆಗೆ ಬರುವ ಮೊದಲು, ಬಂದ ಮೇಲೆಯೂ ಬಹುಕಾಲ, ಕನ್ನಡದ ಬರಹಗಳನ್ನು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತಕ್ರಮದ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಲಾಗುತ್ತಿತ್ತು. ಅಂಥ ಕಡತವು ಪರದೆಯ ಮೇಲೆ ಕನ್ನಡವಾಗಿಯೇ ಕಾಣುತ್ತದೆ. ಅದರಿಂದ ಒಂದು ವಾಕ್ಯವನ್ನು ಎತ್ತಿಕೊಂಡರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಅದರೊಳಗೆ ‘ಬಸದಿ’ ಎಂಬ ಪದವನ್ನು ಹುಡುಕಿದರೆ ಯಂತ್ರಕ್ಕೆ ಏನೂ ಸಿಗುವುದಿಲ್ಲ. ಪುಟಗಳ ಛಾಯಾಚಿತ್ರಗಳನ್ನಷ್ಟೇ ಏರಿಸಿದ ಪ್ರಬಂಧಗಳ ಪಾಡೂ ಇದೇ. ಹೆಸರಿಗೆ ಮುಕ್ತವಾದ ಈ ಗ್ರಂಥಗಳು ಶೋಧಕನ ಪಾಲಿಗೆ ಇನ್ನೂ ಮುಚ್ಚಿಯೇ ಇವೆ. ವಿದ್ಯಾನಿಧಿ ಯೋಜನೆ ಆರಂಭದ ವರ್ಷಗಳಲ್ಲಿಯೇ ಕನ್ನಡ ಪ್ರಬಂಧಗಳ ಸೂಚಿಗೆ ಯೂನಿಕೋಡನ್ನು ಅಳವಡಿಸಿಕೊಂಡು ಪ್ರಯೋಗ ನಡೆಸಿದ್ದು ದೂರದೃಷ್ಟಿಯ ಕೆಲಸ. ಅದನ್ನು ಸೂಚಿಯಿಂದ ಪೂರ್ಣಪಾಠಕ್ಕೆ ವಿಸ್ತರಿಸಬೇಕಾದ ಕೆಲಸ ವಿಶ್ವವಿದ್ಯಾನಿಲಯಗಳಲ್ಲಿ ಇನ್ನೂ ಉಳಿದಿದೆ.

ಇನ್ನು ವೆಚ್ಚದ ಪ್ರಶ್ನೆ. ಓದುಗನು ಹಣ ಕೊಡಬೇಕಿಲ್ಲವೆಂದಾದಾಗ ಅನೇಕ ಪ್ರಕಾಶನ ಸಂಸ್ಥೆಗಳು ಅದೇ ಹಣವನ್ನು ಲೇಖಕನಿಂದ ಪಡೆಯಲು ಆರಂಭಿಸಿದವು. ಲೇಖನ ಸಂಸ್ಕರಣ ಶುಲ್ಕವೆಂಬ ಈ ಕ್ರಮದಲ್ಲಿ ಓದಿನ ಬಾಗಿಲು ತೆರೆಯುತ್ತದೆ, ಬರವಣಿಗೆಯ ಬಾಗಿಲು ಮುಚ್ಚುತ್ತದೆ. ದೊಡ್ಡ ಅನುದಾನವುಳ್ಳ ಪ್ರಯೋಗಾಲಯಕ್ಕೆ ಇದು ಹೊರೆಯಲ್ಲದಿರಬಹುದು. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿದ್ದು ಶಾಸನಗಳನ್ನು ಅಭ್ಯಸಿಸುವ ಅಧ್ಯಾಪಕನಿಗೆ, ಸಂಸ್ಥೆಯ ಬೆಂಬಲವಿಲ್ಲದ ಹಸ್ತಪ್ರತಿ ಸಂಶೋಧಕನಿಗೆ ಇದು ದಾಟಲಾಗದ ಹೊಸ್ತಿಲು. ಪೊನ್ನನೇ ಸಾವಿರ ಪ್ರತಿಗಳ ಕೂಲಿಯನ್ನು ತೆರಬೇಕೆಂದಿದ್ದರೆ ಶಾಂತಿಪುರಾಣ ಎಷ್ಟು ಮನೆಗಳನ್ನು ತಲಪುತ್ತಿತ್ತು ಎಂಬುದು ಊಹೆಗೆ ಬಿಟ್ಟದ್ದು.

2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಬೇರೊಂದು ಮಾರ್ಗ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಗಳಿಗೆ ಒದಗಿಸಲು ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಅದರಲ್ಲಿ ತೆಗೆದಿರಿಸಲಾಗಿದೆ. ಇದರಿಂದ ಸಾಮಾನ್ಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಆಗುವ ಪ್ರಯೋಜನ ದೊಡ್ಡದು. ಆದರೂ ಇದು ಗ್ರಂಥವನ್ನು ತೆರೆದದ್ದಲ್ಲ, ಒಳಗಿರುವವರಿಗೆ ಕೀಲಿಕೈಯನ್ನು ಬಾಡಿಗೆಗೆ ತಂದದ್ದು. ಬಾಡಿಗೆಯ ಅವಧಿ ಮುಗಿದರೆ ಮತ್ತೆ ತೆರಬೇಕು. ಸಂಸ್ಥೆಯಿಂದ ನಿವೃತ್ತನಾದ ವಿದ್ವಾಂಸನು ಬಾಗಿಲ ಹೊರಗೇ ಉಳಿಯುತ್ತಾನೆ.

ಅತ್ತಿಮಬ್ಬೆಯ ಮಾದರಿಗೆ ಹತ್ತಿರವಾದದ್ದು ಇಂದು ‘ಡೈಮಂಡ್’ ಎಂದು ಕರೆಯಲಾಗುವ ಕ್ರಮ. ಲೇಖಕನಿಂದಲೂ ಓದುಗನಿಂದಲೂ ಹಣ ಪಡೆಯದೆ ಸಂಸ್ಥೆಯೇ ನಿಯತಕಾಲಿಕವನ್ನು ನಡೆಸುವುದು ಇದರ ಲಕ್ಷಣ. 1934ರಲ್ಲಿ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ತನ್ನ ನಿಯತಕಾಲಿಕಗಳ ಲೇಖನಗಳನ್ನು ಓದುಗರಿಗೆ ಉಚಿತವಾಗಿ ಜಾಲದಲ್ಲಿ ಒದಗಿಸುತ್ತ ಬಂದಿರುವುದು ಈ ದಾರಿ ಅವ್ಯವಹಾರ್ಯವಲ್ಲ ಎಂಬುದನ್ನು ತೋರಿಸುತ್ತದೆ. ಮಾನವಿಕ ಶಾಸ್ತ್ರಗಳಲ್ಲಿ, ಅದರಲ್ಲಿಯೂ ಕನ್ನಡದಲ್ಲಿ, ಬಹುತೇಕ ವಿದ್ವತ್ ಪತ್ರಿಕೆಗಳು ಲಾಭಕ್ಕಾಗಿ ನಡೆದವೇ ಅಲ್ಲ. ವಿಶ್ವವಿದ್ಯಾನಿಲಯಗಳು, ಪರಿಷತ್ತುಗಳು, ಮಠಗಳು ವೆಚ್ಚ ಹೊತ್ತು ನಡೆಸಿದ ಈ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಮುಕ್ತವಾಗಿಸಲು ಹೊಸ ಆದಾಯವನ್ನು ಕಳೆದುಕೊಳ್ಳಬೇಕಾದ ಪ್ರಸಂಗವಿಲ್ಲ. ಬೇಕಾದದ್ದು ನಿರ್ಧಾರ ಮತ್ತು ನಿರ್ವಹಣೆ.

ಕಾಪಾಡುವವರ ಆತಂಕವನ್ನು ಈ ವಿವೇಚನೆಯಲ್ಲಿ ತಳ್ಳಿಹಾಕಲಾಗದು. ಜೀರ್ಣವಾದ ಓಲೆಯನ್ನು ಬಂದವರ ಕೈಗೆಲ್ಲ ಕೊಡಲಾಗದು. ಪವಿತ್ರವೆಂದು ಒಂದು ಸಮಾಜ ಭಾವಿಸಿದ ವಸ್ತುವನ್ನು ಆ ಸಮಾಜದ ಒಪ್ಪಿಗೆಯಿಲ್ಲದೆ ಎತ್ತಿಕೊಂಡು ಹೋಗುವುದು ವಿದ್ವತ್ತೂ ಅಲ್ಲ. ಆದರೆ ಓಲೆಯ ರಕ್ಷಣೆಯೂ ಪಾಠದ ಪ್ರಸಾರವೂ ಒಂದಕ್ಕೊಂದು ವಿರೋಧಿಗಳಲ್ಲ. ಒಳ್ಳೆಯ ಛಾಯಾಪ್ರತಿ ದೊರೆತಷ್ಟೂ ಮೂಲವನ್ನು ಮುಟ್ಟುವ ಅಗತ್ಯ ಕಡಮೆಯಾಗುತ್ತದೆ. ಅಗ್ನಿ, ಜಲ, ಗೆದ್ದಲುಗಳಿಂದ ಗ್ರಂಥವನ್ನು ಕಾಪಾಡಿರೆಂದು ಹಿಂದಿನ ಲಿಪಿಕಾರರು ಓಲೆಯ ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದುದು ವಾಡಿಕೆ. ಆ ಬೇಡಿಕೆಯನ್ನು ನಡೆಸಿಕೊಡುವ ನಂಬಲರ್ಹವಾದ ಉಪಾಯ ಒಂದೇ ಪ್ರತಿಯನ್ನು ಎಷ್ಟು ಭದ್ರವಾಗಿ ಇಟ್ಟರೂ ಪೂರ್ಣವಾಗದು. ಬೇರೆ ಬೇರೆ ಊರುಗಳಲ್ಲಿ ಹಲವು ಪ್ರತಿಗಳಿರುವುದೇ ಆ ಉಪಾಯ.

ಆದ್ದರಿಂದ ವಿಶ್ವವಿದ್ಯಾನಿಲಯವೊಂದು ಮುಕ್ತ ಪ್ರಕಟಣೆಯ ನೀತಿಯನ್ನು ಒಪ್ಪಿಕೊಂಡಿತೆಂದು ಘೋಷಿಸುವಾಗ ಅದನ್ನು ಅಳೆಯಬೇಕಾದದ್ದು ಎಷ್ಟು ಕಡತಗಳನ್ನು ಏರಿಸಲಾಗಿದೆ ಎಂಬ ಲೆಕ್ಕದಿಂದಲ್ಲ. ಪ್ರಕಟವಾದ ಪಾಠವನ್ನು ಅದರ ಆಧಾರದೊಡನೆ ಹೋಲಿಸಲು ಬರುತ್ತದೆಯೆ, ಅದು ಕನ್ನಡದಲ್ಲಿ ಹುಡುಕಿದರೆ ಸಿಗುತ್ತದೆಯೆ, ಅದರ ವೆಚ್ಚವನ್ನು ಬಡ ಲೇಖಕನ ಹೆಗಲಿಗೆ ಹೊರಿಸಲಾಗಿದೆಯೆ, ಇಪ್ಪತ್ತು ವರ್ಷಗಳ ಮೇಲೆ ಅದನ್ನು ಕಾಯಲು ಯಾರನ್ನಾದರೂ ನೇಮಿಸಲಾಗಿದೆಯೆ ಎಂಬ ಪ್ರಶ್ನೆಗಳಿಂದ ಅಳೆಯಬೇಕು. ‘ಸಂಜದ’ವೆಂಬ ಒಂದು ಪದ ಸುಮಾರು ನಾಲ್ಕು ದಶಕಗಳ ಕಾಲ ಪ್ರತಿಯಿಂದ ಪ್ರತಿಗೆ ಕಾಣದೆ ಸಾಗಿತು, ಮೂಲವನ್ನು ತೆರೆದ ದಿನವೇ ಅದು ತನ್ನ ಸ್ಥಾನದಲ್ಲಿ ಕಾಣಿಸಿಕೊಂಡಿತು. ವಿಶ್ವವಿದ್ಯಾನಿಲಯಗಳ ಕಪಾಟುಗಳಲ್ಲಿಯೂ ಹಳೆಯ ಕಡತಗಳಲ್ಲಿಯೂ ಹಾಗೆ ಕಾದಿರುವ ಪದಗಳು ಇನ್ನೆಷ್ಟಿವೆಯೆಂಬುದು ಅವನ್ನು ತೆರೆದಾಗಲೇ ತಿಳಿಯಬೇಕು.